ಬೀರುವಿನೊಳಗಿನ ಈಳಿಗೆಮಣೆ

ಜೈಲಿನಿಂದ ಬಂದವರನ್ನು ಕರೆದುಕೊಂಡು ಮನೆಯವರು ಸಲಹೆ ಕೇಳಲು ನನ್ನ ಹತ್ತಿರ ಬಂದಾಗ ಮೊದಲು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ. "ನಾವು ಏನೂ ಅಂದಿಲ್ಲ ಮೇಡಂ, ಚೆನ್ನಾಗೇ ನೋಡ್ಕೋತಿದ್ದೀವಿ. ಆದ್ರೂ ಅವನು ಬಾಯಿ ಬಿಡಲ್ಲ." ಇದನ್ನು ಬೇರೆ ಬೇರೆ ಮನೆಯವರ ಬಾಯಲ್ಲಿ ಕೇಳಿ ಕೇಳಿ, ಒಮ್ಮೆ ಬರೆದುಬಿಡೋಣ ಅನ್ನಿಸಿತು. ಇದು ಅಂಥ ಒಂದು ಮನೆಯ ಕಥೆ. ಹೆಸರು, ಊರು ಬೇಡ. ಅಮ್ಮ, ಅಣ್ಣ, ಅತ್ತಿಗೆ, ತಮ್ಮ ಅಂದರೆ ಸಾಕು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹೊಲದ ಬದುವಿನ ಜಗಳ, ಕೈಗೆ ಸಿಕ್ಕಿದ್ದು ಕುಡುಗೋಲು. ಪಕ್ಕದ ಹೊಲದವರ ಜೀವ ಹೋಯಿತು. 24 ವರ್ಷದ ತಮ್ಮನಿಗೆ ಜೀವಾವಧಿ ಆಯಿತು. ವಕೀಲರಿಗೆಂದು ಅಣ್ಣ ಎರಡು ಎಕರೆ ಮಾರಿದರು.

ಊರಿನಲ್ಲಿ ಎಲ್ಲರೂ ಹಾಕುವ ಲೆಕ್ಕ 14 ವರ್ಷ. ಆ ಲೆಕ್ಕ ತಪ್ಪು. ಜೀವಾವಧಿ ಅಂದರೆ ಜೀವ ಇರುವವರೆಗೆ. ಕೊಲೆಯಂಥ ಪ್ರಕರಣದಲ್ಲಿ ಕಡಿಮೆ ಅಂದರೂ 14 ವರ್ಷ ಒಳಗೆ ಕಳೆಯಬೇಕು, ಆಮೇಲೆ ಸರ್ಕಾರ ಶಿಕ್ಷೆ ಕಡಿತದ ವಿಚಾರ ಮಾಡಬಹುದು ಅಂತ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 433ಎ ಕಲಂ ಹೇಳುತ್ತಿತ್ತು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಹಾಗೇ ಇದೆ. 'ಮಾಡಬಹುದು' ಅಷ್ಟೆ, ಮಾಡಲೇಬೇಕು ಅಂತಿಲ್ಲ. ಇದನ್ನು ಆ ಅಮ್ಮನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. 14 ತುಂಬಿದ ವರ್ಷದ ಆಗಸ್ಟ್ 15ಕ್ಕೇ ಮಗನಿಗೆ ಹೊಸ ಪಂಚೆ ತಂದಿಟ್ಟುಕೊಂಡು ಕೂತಿದ್ದರು. ಸನ್ನಡತೆ ಮೇಲೆ ತಮ್ಮ ಬಿಡುಗಡೆಯಾದದ್ದು ಇನ್ನೂ ಎರಡು ವರ್ಷ ಬಿಟ್ಟು.

ಅತ್ತಿಗೆ ಆ ಮನೆಗೆ ಸೊಸೆಯಾಗಿ ಬಂದದ್ದು ತಮ್ಮ ಒಳಗೆ ಹೋದ ಮೇಲೆ. ಸಂಬಂಧ ಕೂಡಿಸುವಾಗ "ಚಿಕ್ಕವನು ಮುಂಬೈಯಲ್ಲಿದ್ದಾನೆ" ಅಂದಿದ್ದರಂತೆ. ಮೂರು ತಿಂಗಳಿಗೆ ಜೈಲಿನಿಂದ ಕಾಗದ ಬಂತು. ಅದನ್ನು ಒಡೆದು ಓದಿದವರು ಅತ್ತಿಗೆಯೇ.

ಮೊದಲ ಎರಡು ಭೇಟಿ ಸುಮ್ನೆ ಹೋದವು. ಏನು ಕಷ್ಟ ಅಂತ ಕೇಳಿದರೆ ಎಲ್ಲರದ್ದೂ "ಏನಿಲ್ಲ". ರಾತ್ರಿ ದೀಪ ಆರಿಸಿದರೆ ತಮ್ಮನಿಗೆ ನಿದ್ದೆ ಬರುವುದಿಲ್ಲ ಅನ್ನುವುದಷ್ಟೇ ಗೊತ್ತಾಯಿತು. ಬ್ಯಾರಕ್ಕಿನಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆ. "ಉರೀಲಿ ಬಿಡಿ, ಗೃಹಜ್ಯೋತಿ ಇದೆಯಲ್ಲ" ಅಂದರು ಅಣ್ಣ. ನಕ್ಕೆವು. ಅಮ್ಮನದು ಒಂದೇ ಹಠ, ಹೇಗಾದರೂ ಮಾಡಿ ಮಗನಿಗೆ ಮದುವೆ ಮಾಡಿಬಿಡಬೇಕು. ನಾನು ಖಡಾಖಂಡಿತವಾಗಿ ಬೇಡ ಅಂದೆ. ಯಾರದೋ ಮನೆಯ ಹೆಣ್ಣುಮಗಳು ಇವರ ಮಗನಿಗೆ ಔಷಧಿಯಲ್ಲ. ಅದರಲ್ಲೂ ಮುಂಬೈ ಕಥೆ ಕಟ್ಟಿ ಒಬ್ಬ ಸೊಸೆಯನ್ನು ತಂದ ಮನೆಯಿದು.

ಮೂರನೇ ಸಲ ನಾಲ್ವರೂ ಬಂದಿದ್ದರು. ಅಣ್ಣ ಮೊಬೈಲು ನೋಡುತ್ತಿದ್ದರು. ಅಡುಗೆಯ ವಿಷಯ ಬಂತು. ಮನೆಯಲ್ಲಿ ಏನಾದರೂ ಕೈಜೋಡಿಸುತ್ತೀರಾ ಅಂತ ತಮ್ಮನನ್ನು ಕೇಳಿದೆ. ಅವರು ನನ್ನ ಕಡೆ ನೋಡಲಿಲ್ಲ.

"ಅತ್ತಿಗೆ, ಅಡುಗೆ ಆದ ತಕ್ಷಣ ಈಳಿಗೆಮಣೆ ಬೀರುವಿನಲ್ಲಿ ಇಟ್ಟು ಬೀಗ ಹಾಕ್ತೀರಲ್ಲ, ನಂಗೊತ್ತು" ಅಂದರು.

ಅತ್ತಿಗೆಯ ಕೈ ಸೆರಗಿನ ತುದಿಗೆ ಹೋಯಿತು. ಅಲ್ಲಿ ಗಂಟು ಹಾಕಿಕೊಂಡಿದ್ದ ಬೀಗದ ಕೈ ಇತ್ತು. ಅಣ್ಣ ಮೊಬೈಲು ಕೆಳಗಿಟ್ಟು "ಏನೇ ಇದು?" ಅಂತ ಹೆಂಡತಿಯ ಮೇಲೆ ರೇಗಿದರು. ತಮ್ಮನೇ ತಡೆದರು. "ಬಯ್ಯಬೇಡಣ್ಣ. ಅತ್ತಿಗೆ, ಬೀಗ ಹಾಕಿ, ಬೇಡ ಅನ್ನಲ್ಲ. ಆದ್ರೆ ನಂಗೆ ಹೇಳಿ ಹಾಕಿ. ಕದ್ದು ಹಾಕ್ತೀರಲ್ಲ, ಅದು ತಡೆಯಕ್ಕಾಗಲ್ಲ. ಜೈಲಲ್ಲಿ ಅಡುಗೆಮನೆ ಡ್ಯೂಟಿ ನಂದು. ದಿನಾ ಮೂಟೆಗಟ್ಟಲೆ ಈರುಳ್ಳಿ ಹೆಚ್ಚಿದೀನಿ. ಅಲ್ಲೂ ಚಾಕು ಎಣಿಸಿ ಕೊಡ್ತಿದ್ರು, ಎಣಿಸಿ ತಗೋತಿದ್ರು. ಎದುರಿಗೇ ಎಣಿಸ್ತಿದ್ರು."

ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತಿಗೆ ಮೆಲ್ಲಗೆ, "ನಂಗೆ ಹೆದರಿಕೆ ಆಗುತ್ತೆ. ಇಬ್ಬರು ಹೆಣ್ಣುಮಕ್ಕಳಿದ್ದಾರೆ" ಅಂದರು. ಮೈದುನ ಮನೆಗೆ ಬಂದು ಐದು ತಿಂಗಳಾಗಿತ್ತು. ಈ ಮಾತು ಬಾಯಿಗೆ ಬಂದದ್ದು ಅವತ್ತೇ.

ಬೀಗ ತೆಗೆಯಿರಿ ಅಂತ ನಾನು ಹೇಳಲಿಲ್ಲ. "ಹಾಕಿ, ಆದರೆ ಇವರ ಎದುರಿಗೇ ಹಾಕಿ, ಯಾಕೆ ಅಂತ ಹೇಳಿ ಹಾಕಿ. ದೀಪಾವಳಿ ಕಳೆದ ಮೇಲೆ ಬೀಗ ಇನ್ನೂ ಬೇಕಾ ಅಂತ ನಾಲ್ವರೂ ಕೂತು ಮಾತಾಡಿ" ಅಂದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರಿಗೆ ಇದು ಸರಿಬರಲಿಲ್ಲ. ಶಿಕ್ಷೆ ಮುಗಿಸಿ ಬಂದವನನ್ನು ಮತ್ತೆ ಬೀಗದ ಎದುರು ಕೂರಿಸಿದಿರಿ ಅಂದರು. ಮಾತು ಚುಚ್ಚಿತು, ನಿಜ. ಆದರೆ ಅತ್ತಿಗೆ ಆ ಮನುಷ್ಯನ ಜೊತೆ ಒಂದು ಸೂರಿನಡಿ ಇದ್ದದ್ದು ಬರೀ ಐದು ತಿಂಗಳು. ಅದಕ್ಕೆ ಮುಂಚೆ ಗೊತ್ತಿದ್ದದ್ದು ಊರವರು ಹೇಳಿದ ಕುಡುಗೋಲಿನ ಕಥೆ. ಅವರಿಗೆ ಸುಳ್ಳು ಹೇಳಿ ಮನೆ ತುಂಬಿಸಿಕೊಂಡರು. ಈಗ ಹೆದರಿಕೆಯನ್ನೂ ನುಂಗಿಕೊಂಡು ನಗುನಗುತ್ತಾ ಬಡಿಸಿ ಅಂದರೆ ಹೇಗೆ? ಕುಟುಂಬದ ಬೆಂಬಲ ಅಂತ ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಮನೆಯ ಹೆಂಗಸರ ದುಡಿಮೆ. ಅವರ ಮಾತು ಕೇಳಿಸಿಕೊಳ್ಳದೆ ಅದು ನಿಲ್ಲುವುದಿಲ್ಲ. ಮುಚ್ಚಿಟ್ಟರೆ ತಿಳಿಯುವುದಿಲ್ಲ ಅನ್ನುವುದೂ ಭ್ರಮೆ. 16 ವರ್ಷ ಒಳಗಿದ್ದವರು ಮುಖ ಓದುವುದರಲ್ಲಿ ಪಳಗಿರುತ್ತಾರೆ.

ಇನ್ನೆರಡು ಮಾತು ಹೇಳಿದೆ. ಮಕ್ಕಳಿಗೆ ವಯಸ್ಸಿಗೆ ತಕ್ಕ ಹಾಗೆ ನಿಜ ಹೇಳಿ, ಶಾಲೆಯಲ್ಲಿ ಯಾರೋ ಹೇಳುವ ಮುಂಚೆ. ಸತ್ತವರ ಮನೆಗೆ ಕ್ಷಮೆ ಕೇಳಲು ಇವರಾಗಿ ಹೋಗುವುದು ಬೇಡ. ಅವರು ಒಪ್ಪಿದ ದಿನ ನೋಡೋಣ. ತಮ್ಮನಿಗೆ ಇದು ಬೇಜಾರಾಯಿತು. ಆದರೆ ಮನಸ್ಸು ಹಗುರ ಮಾಡಿಕೊಳ್ಳಲು ಆ ಮನೆಯ ಬಾಗಿಲು ತಟ್ಟುವ ಹಕ್ಕು ನಮಗಿಲ್ಲ ಅಂತ ನಾನು ನಂಬಿದ್ದೇನೆ. ಪಡಿತರ ಚೀಟಿ, ಜಮೀನಿನ ಪಾಲಿನ ಕಾಗದಪತ್ರದ ವಿಷಯಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ. ವರಮಾನ ಕಡಿಮೆ ಇರುವವರಿಗೆ ಅಲ್ಲಿ ವಕೀಲರು ಉಚಿತ. ರಾತ್ರಿ ಎದೆ ಡವಗುಟ್ಟಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿ ಅಂದೆ. ನಂಬರು ಬರೆದುಕೊಂಡವರು ಅತ್ತಿಗೆ.

ದೀಪಾವಳಿ ಕಳೆಯಿತು. ನಾಲ್ವರೂ ಕೂತು ಮಾತಾಡಿದರಂತೆ. ಬೀಗ ಇನ್ನೂ ಇದೆ. ಮೊನ್ನೆ ಹಲಸಿನ ಹಣ್ಣು ಕೊಯ್ಯಬೇಕಾಯಿತಂತೆ. ಅತ್ತಿಗೆ ಬೀರು ತೆಗೆದು ಈಳಿಗೆಮಣೆ ತಂದಿಟ್ಟರು. ತಮ್ಮ ಕೈಗೆ ಎಣ್ಣೆ ಸವರಿಕೊಂಡು ಕೂತು ಕೊಯ್ದರು, ಮಕ್ಕಳು ತೊಳೆ ಬಿಡಿಸಿದರು. ಮುಗಿದ ಮೇಲೆ ಮತ್ತೆ ಬೀರುವಿಗೆ. ಇದನ್ನು ತಮ್ಮ ನನಗೆ ಹೇಳಿದ್ದು ದೂರಿನ ಹಾಗೆ. "ಪೂರ್ತಿ ಮೊಂಡಾಗಿದೆ ಮೇಡಂ. ಹಣ್ಣು ಕೊಯ್ಯೋ ಅಷ್ಟರಲ್ಲಿ ಸಾಕಾಯ್ತು. ಸಾಣೆ ಹಿಡಿಸಬೇಕು."

ಯಾರು ಹಿಡಿಸಿಕೊಂಡು ಬರಬೇಕು ಅನ್ನುವುದು ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.