ಐದೇ ಗಂಟೆ ನಿದ್ದೆಗೆ ಟಾನಿಕ್ ಕುಡಿದರೆ ಸಾಕಾ?

ಪ್ರಶ್ನೆ: ನನಗೆ 41 ವರ್ಷ, ಶಿವಮೊಗ್ಗದಲ್ಲಿದ್ದೇವೆ. ಮಕ್ಕಳ ಡಬ್ಬಿ ಕಟ್ಟಬೇಕು ಅಂತ 5.30ಕ್ಕೆ ಏಳುತ್ತೇನೆ. ಸಂಜೆ 6 ಗಂಟೆಗೆ ಸ್ಟ್ರಾಂಗ್ ಕಾಫಿ ಬೇಕೇ ಬೇಕು. ನಮ್ಮನೆಯವರು ಅಂಗಡಿ ಬಾಗಿಲು ಹಾಕಿ ಬರುವಾಗ 10 ಗಂಟೆ. ಊಟ, ಪಾತ್ರೆ ಎಲ್ಲಾ ಮುಗಿಸಿ ಮೊಬೈಲ್ ಹಿಡಿದು ಮಲಗಿದರೆ ನಿದ್ದೆ ಬರುವುದು 12.30ಕ್ಕೆ. ಭಾನುವಾರ 9ರವರೆಗೆ ಮಲಗಿದರೂ ಸುಸ್ತು ಹೋಗಲ್ಲ. ಮಕ್ಕಳ ಮೇಲೆ ಸುಮ್‌ಸುಮ್ನೆ ರೇಗುತ್ತೇನೆ. ಯಾವುದಾದರೂ ಟಾನಿಕ್ ಹೇಳಿ.

ಉತ್ತರ: ಟಾನಿಕ್ ವಿಷಯಕ್ಕೆ ಆಮೇಲೆ ಬರುತ್ತೇನೆ. ನೀವು ಬರೆದ ಲೆಕ್ಕದಲ್ಲೇ ನಿಮಗೆ ಸಿಗುತ್ತಿರುವುದು 5 ಗಂಟೆ ನಿದ್ದೆ. ದೊಡ್ಡವರಿಗೆ ಕಡಿಮೆ ಅಂದರೂ 7 ಗಂಟೆ ಬೇಕು. ಇಷ್ಟು ಕಡಿಮೆ ಮಲಗಿದರೆ ಎಂಥ ಸಮಾಧಾನದ ಮನುಷ್ಯರಿಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನೀವು ಕೆಟ್ಟ ಅಮ್ಮ ಅಂತ ಅಂದುಕೊಳ್ಳಬೇಡಿ.

ಮೊಬೈಲ್ ಬಿಟ್ಟುಬಿಡಿ ಅಂತ ಹೇಳುವುದು ಸುಲಭ. ಆದರೆ ಇಡೀ ದಿನ ಬೇರೆಯವರಿಗಾಗಿ ಓಡಾಡಿದ ಮೇಲೆ ಆ ಒಂದೂವರೆ ಗಂಟೆ ಮಾತ್ರ ನಿಮ್ಮದು, ಅಲ್ವಾ? ಅದು ನಿಮಗೆ ಬೇಕು, ಆದರೆ ರಾತ್ರಿ ಬೇಡ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಮುಕ್ಕಾಲು ಗಂಟೆ ನಿಮಗೇ ಅಂತ ಇಟ್ಟುಕೊಳ್ಳಿ, ಬಟ್ಟೆ ಮಡಚುವುದು ಕಾಯಲಿ. ರಾತ್ರಿ ಮಕ್ಕಳ ಜೊತೆ 8 ಗಂಟೆಗೇ ನೀವೂ ಊಟ ಮಾಡಿ. ಯಜಮಾನರಿಗೆ ಅನ್ನ, ಸಾರು ಮುಚ್ಚಿಡಿ, ಅವರು ಬಡಿಸಿಕೊಂಡು ಉಂಡು ತಟ್ಟೆ ತೊಳೆದಿಡಲಿ. ಕೇಳಲು ಸಂಕೋಚ ಅನ್ನಿಸಿದರೆ ಈ ಉತ್ತರವನ್ನೇ ಅವರಿಗೆ ತೋರಿಸಿ. ಚಾರ್ಜರ್ ಹಾಲ್‌ನಲ್ಲಿರಲಿ, 10.15ಕ್ಕೆ ದೀಪ ಆರಿಸಿ.

ಇನ್ನು ಆ ಸಂಜೆ ಕಾಫಿ. ಕುಡಿದು ಸುಮಾರು 5 ಗಂಟೆ ಆದರೂ ಅದರ ಕೆಫೀನ್ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ಅಂದರೆ 11 ಗಂಟೆಗೆ ನೀವು ಹಾಸಿಗೆಯಲ್ಲಿ ಹೊರಳಾಡುವಾಗ ಅರ್ಧ ಲೋಟ ಕಾಫಿ ಇನ್ನೂ ನಿಮ್ಮನ್ನು ಎಬ್ಬಿಸುತ್ತಲೇ ಇರುತ್ತದೆ. ಒಂದೇ ಸಲ ನಿಲ್ಲಿಸಿದರೆ ತಲೆನೋವು ಬರಬಹುದು. ಅದಕ್ಕೇ ಡಿಕಾಕ್ಷನ್ ದಿನಾ ಸ್ವಲ್ಪ ಕಡಿಮೆ ಮಾಡುತ್ತಾ, ಹೊತ್ತನ್ನೂ ಹಿಂದಕ್ಕೆ ತಂದು ಮಧ್ಯಾಹ್ನ 2ರೊಳಗೆ ಮುಗಿಸಿ.

ಭಾನುವಾರ 6.30ರ ಮೇಲೆ ಮಲಗಬೇಡಿ. ತಡವಾಗಿ ಎದ್ದ ದಿನ ರಾತ್ರಿ ನಿದ್ದೆಯೂ ತಡವಾಗಿಯೇ ಬರುತ್ತದೆ, ಸೋಮವಾರ ಮತ್ತೆ 5.30ಕ್ಕೆ ಏಳುವುದು ತಪ್ಪಲ್ಲ. ತೀರಾ ಸುಸ್ತಾದರೆ ಮಧ್ಯಾಹ್ನ 20 ನಿಮಿಷ, 3 ಗಂಟೆಯೊಳಗೆ ಮಲಗಿ ಎದ್ದುಬಿಡಿ. ಮಕ್ಕಳನ್ನು ಸ್ಕೂಲ್ ಬಸ್ ಹತ್ತಿಸಿದ ಮೇಲೆ ನೇರ ಒಳಗೆ ಬರದೆ 15-20 ನಿಮಿಷ ಹೊರಗೇ ನಡೆದಾಡಿ. ನಿಮ್ಮೂರಿನ ಮಳೆಗಾಲದ ಮೋಡದಲ್ಲೂ ಹೊರಗಿನ ಬೆಳಕು ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ಬೆಳಿಗ್ಗೆ ಕಣ್ಣಿಗೆ ಬೆಳಕು ಬಿದ್ದರೆ ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ.

ಎರಡು ವಾರದಿಂದ ದಿನವಿಡೀ ಬೇಜಾರು, ಯಾವುದರಲ್ಲೂ ಮನಸ್ಸಿಲ್ಲ ಅನ್ನುವಂತಿದ್ದರೆ ಕಾಯಬೇಡಿ. ಡಾಕ್ಟರ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ನಂಬರಿಗೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಈಗ ಟಾನಿಕ್. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿದೆಯಾ? ನೀವು ಬರೆದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಅದಿದ್ದರೆ ಎಷ್ಟು ಮಲಗಿದರೂ ಸುಸ್ತು ಬಿಡಲ್ಲ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣಾಂಶ ಎಷ್ಟು ಕೂಡಿದೆ ಅಂತ ತೋರಿಸುವುದು), ಥೈರಾಯ್ಡ್ ಮೂರೂ ಒಂದೇ ಸಲ ಪರೀಕ್ಷೆ ಮಾಡಿಸಿ. ತಿಂಡಿ ಜೊತೆಗೇ ಕಾಫಿ ಕುಡಿಯಬೇಡಿ, ಒಂದು ಗಂಟೆ ಬಿಡಿ, ಇಲ್ಲದಿದ್ದರೆ ಸೊಪ್ಪು ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತಲ್ಲ. ರಿಪೋರ್ಟ್ ಬಂದ ಮೇಲೆ ಮಾತ್ರೆಯೋ ಟಾನಿಕ್ಕೋ ನಿಮ್ಮ ಡಾಕ್ಟರೇ ಬರೆದುಕೊಡುತ್ತಾರೆ.