ಕಲ್ಲು ತಡೆಯುವ ಪ್ರೋಟೀನ್ ರಿಪೋರ್ಟಿನಲ್ಲಿ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ನನಗೆ 44 ವರ್ಷ. ಸೋಮವಾರಪೇಟೆ ಹತ್ತಿರ ಕಾಫಿ ತೋಟವಿದೆ. ಎರಡು ಸಲ ಕಿಡ್ನಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲಾಗಿತ್ತು. ಕಲ್ಲು ಕಟ್ಟದಂತೆ ತಡೆಯುವ ಪ್ರೋಟೀನ್ ಮೂತ್ರದಲ್ಲೇ ಇರುತ್ತದೆ ಎಂದು ಓದಿದೆ. ನನ್ನ ರಿಪೋರ್ಟಿನಲ್ಲಿ ‘ಪ್ರೋಟೀನ್: ನಿಲ್’ ಎಂದಿದೆ. ಪ್ರೋಟೀನ್ ಪುಡಿ ಕುಡಿಯಬೇಕೇ? ಕಾಚಂಪುಳಿಗೆ (ನಮ್ಮ ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಕಲ್ಲು ಕರಗುತ್ತದಂತೆ, ನಿಜವೇ?

ಉತ್ತರ: ‘ನಿಲ್’ ಬಂದದ್ದು ಒಳ್ಳೆಯದೇ. ಲ್ಯಾಬಿನವರು ಮೂತ್ರದಲ್ಲಿ ಅದ್ದುವ ಸ್ಟ್ರಿಪ್ ಮುಖ್ಯವಾಗಿ ಹಿಡಿಯುವುದು ರಕ್ತದಿಂದ ಸೋರಿ ಬರುವ ಆಲ್ಬುಮಿನ್ ಎಂಬ ಪ್ರೋಟೀನನ್ನು. ನೀವು ಓದಿದ್ದು ಯೂರೋಮೊಡ್ಯುಲಿನ್ ಬಗ್ಗೆ ಇರಬೇಕು. ಅದು ರಕ್ತದಿಂದ ಬರುವುದಲ್ಲ, ಕಿಡ್ನಿಯ ಸೂಕ್ಷ್ಮ ನಾಳಗಳ ಜೀವಕೋಶಗಳೇ ತಯಾರಿಸಿ ಮೂತ್ರಕ್ಕೆ ಬಿಡುವಂಥದ್ದು. 1950ರಲ್ಲಿ ವಿಜ್ಞಾನಿಗಳಾದ ಟ್ಯಾಮ್ ಮತ್ತು ಹಾರ್ಸ್‌ಫಾಲ್ ಅದನ್ನು ಬೇರ್ಪಡಿಸಿದ್ದರಿಂದ ಅವರ ಹೆಸರೂ ಅದಕ್ಕಿದೆ. ಆರೋಗ್ಯವಂತರ ಮೂತ್ರದಲ್ಲಿ ಎಲ್ಲಕ್ಕಿಂತ ಹೆಚ್ಚಿರುವ ಪ್ರೋಟೀನ್ ಇದೇ, ಆದರೂ ಸ್ಟ್ರಿಪ್ಪಿಗೆ ಸಿಗುವುದಿಲ್ಲ.

ಸಣ್ಣ ಹರಳುಗಳು ಕಲ್ಲಿಲ್ಲದವರ ಮೂತ್ರದಲ್ಲೂ ಆಗಾಗ ಹುಟ್ಟುತ್ತವೆ, ಹರಿದೂ ಹೋಗುತ್ತವೆ. ಅವು ಒಂದಕ್ಕೊಂದು ಅಂಟಿ ಗಂಟಾದಾಗಲೇ ತೊಂದರೆ. ಯೂರೋಮೊಡ್ಯುಲಿನ್ ಈ ಅಂಟುವಿಕೆಯನ್ನು ತಡೆಯುತ್ತದೆ. ಮೂತ್ರದಲ್ಲಿರುವ ಬೇರೆ ಪ್ರೋಟೀನುಗಳಾದ ಆಸ್ಟಿಯೋಪಾಂಟಿನ್, ಬಿಕುನಿನ್, ಪ್ರೋಥ್ರಾಂಬಿನ್‌ನ ಒಂದು ತುಣುಕು ಇವೆಲ್ಲ ಹರಳಿನ ಮೈಗೆ ಮೆತ್ತಿಕೊಂಡು ಅದು ಬೆಳೆಯದಂತೆ ನೋಡಿಕೊಳ್ಳುತ್ತವೆ. ಆದರೆ ಮೂತ್ರ ಗಟ್ಟಿಯಾಗಿ, ಹುಳಿಯಾಗಿ, ಉಪ್ಪು ಮತ್ತು ಕ್ಯಾಲ್ಸಿಯಂ ಹೆಚ್ಚಾದರೆ ಯೂರೋಮೊಡ್ಯುಲಿನ್ ತನಗೆ ತಾನೇ ಮುದ್ದೆಗಟ್ಟುತ್ತದೆ, ಕೆಲಸಕ್ಕೆ ಬಾರದು. ಹಾಗಾಗಿ ಅದು ಎಷ್ಟಿದೆ ಎನ್ನುವುದಕ್ಕಿಂತ ಎಂಥ ಮೂತ್ರದಲ್ಲಿದೆ ಎನ್ನುವುದನ್ನು ನೋಡಬೇಕು.

ಪ್ರೋಟೀನ್ ಪುಡಿ ಬೇಡ. ಕುಡಿದದ್ದು ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ, ಯೂರೋಮೊಡ್ಯುಲಿನ್ ಆಗಿ ಕಿಡ್ನಿ ಸೇರುವುದಿಲ್ಲ. ಮಾಂಸವೂ ಅತಿಯಾದರೆ ಮೂತ್ರದ ಹುಳಿ ಏರಿ, ಹರಳನ್ನು ತಡೆಯುವ ಸಿಟ್ರೇಟ್ ಇಳಿಯುತ್ತದೆ. ಪಂದಿಕರಿ ಬಿಡಿ ಎನ್ನುವುದಿಲ್ಲ (ಹೇಳಿದರೆ ಕೇಳುವವರಾರು!), ಆದರೆ ದಿನಕ್ಕೆರಡು ಹೊತ್ತು ಮಾಂಸ ಬೇಡ.

ಕಾಚಂಪುಳಿಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲಕ್ಕೆ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಕರಗುವುದನ್ನು 2016ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಆದರೆ ಗಾಜಿನ ತಟ್ಟೆಯಲ್ಲಿ ಆದದ್ದು ಕಿಡ್ನಿಯಲ್ಲೂ ಆಗುತ್ತದೆ ಎಂದು ನಂಬಿ ಕುಡಿಯಬೇಡಿ. ಸಾರಿಗೆ ಒಂದು ಚಮಚ ಸರಿ, ಹಾಗೇ ಕುಡಿದರೆ ಹಲ್ಲೂ ಅನ್ನನಾಳವೂ ಹಾಳು. ಇದೇ ಹುಳಿಹಣ್ಣಿನ ಸಾರದ ಗಾರ್ಸೀನಿಯಾ ಕ್ಯಾಪ್ಸೂಲ್‌ಗಳಿಂದ ಲಿವರ್ ಕೆಟ್ಟ ಪ್ರಕರಣಗಳಿವೆ. ಸಿಟ್ರೇಟ್ ಬೇಕಾದರೆ ದಿನಕ್ಕೆ ಎರಡು ನಿಂಬೆಹಣ್ಣಿನ ರಸವನ್ನು ನೀರಿಗೆ ಹಿಂಡಿ ಕುಡಿಯಿರಿ, ಉಪ್ಪು ಹಾಕದೆ.

ಎಲ್ಲಕ್ಕಿಂತ ಮುಖ್ಯ ನೀರು. ಲೆಕ್ಕ ಕುಡಿದದ್ದರದಲ್ಲ, ಹೊರಬಂದದ್ದರದು: ದಿನಕ್ಕೆ ಕನಿಷ್ಠ 2.5 ಲೀಟರ್ ಮೂತ್ರ ಆಗಬೇಕು. ಅಳತೆಗೆರೆ ಇರುವ ಕ್ಯಾನಿನಲ್ಲಿ ಒಂದು ದಿನ ಹಿಡಿದು ನೋಡಿ. ಬೆಳಗಿನ ಮೊದಲ ಮೂತ್ರ ಚೆಲ್ಲಿ, ಆಮೇಲಿನದೆಲ್ಲ ಹಿಡಿದು, ಮರುದಿನ ಅದೇ ಹೊತ್ತಿನದನ್ನೂ ಸೇರಿಸಬೇಕು. ನಡುವೆ ತೋಟದಲ್ಲಿ ಒಮ್ಮೆ ಹೊರಗೆ ಹೋದಿರೋ, ಲೆಕ್ಕ ತಪ್ಪಿತು. ಸಿಟ್ರೇಟ್, ಕ್ಯಾಲ್ಸಿಯಂ, ಆಕ್ಸಲೇಟ್ ನೋಡಲು ವೈದ್ಯರು ಬರೆಯುವ 24 ಗಂಟೆಯ ಪರೀಕ್ಷೆಗೂ ಇದೇ ಕ್ರಮ. ಕಾಫಿ ಕೊಯ್ಲಿನಲ್ಲಿ ಬಿಸಿಲಿಗೆ ಬೆವರು ಹರಿದು ಮೂತ್ರ ಗಟ್ಟಿಯಾಗುತ್ತದೆ, ಮಳೆಗಾಲದಲ್ಲಿ ಬಾಯಾರಿಕೆಯೇ ಆಗುವುದಿಲ್ಲ. ಎರಡೂ ಕಾಲಕ್ಕೆ ಬಾಟಲಿ ಜೊತೆಗಿರಲಿ. ರಾತ್ರಿ ಮಲಗುವ ಮುಂಚೆಯೂ ಒಂದು ಲೋಟ ನೀರು.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಒಣಮೀನು ಅದರೊಳಗೇ ಬರಬೇಕು. ಹಾಲು ಮೊಸರು ಬಿಡಬೇಡಿ. ಊಟದ ಜೊತೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಬಿಡುತ್ತದೆ. ಮಳೆಗಾಲದ ಕೆಸುವಿನ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ. ಬೇಯಿಸಿ ನೀರು ಬಸಿದು, ಮೊಸರನ್ನದ ಜೊತೆ ಅಪರೂಪಕ್ಕೆ ತಿನ್ನಿ. ಅಂದಹಾಗೆ, ಕೊಡವರ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪಿನ ಪಾಯಸ ತಿಂದ ಮೇಲೆ ಮೂತ್ರ ಕೆಂಪಾದರೆ ಅದು ಸೊಪ್ಪಿನ ಬಣ್ಣ. ಬೇರೆ ದಿನ ಕೆಂಪಾದರೆ ತೋರಿಸಿ.

ಮತ್ತೆ ಕಲ್ಲು ಬಿದ್ದರೆ ಹಳೆಯ ಟೀ ಜಾಲರಿಯಲ್ಲಿ ಮೂತ್ರ ಸೋಸಿ, ಕಲ್ಲು ಒಣಗಿಸಿ ಪರೀಕ್ಷೆಗೆ ಕೊಡಿ. ಯೂರಿಕ್ ಆಮ್ಲದ ಕಲ್ಲಾದರೆ ಔಷಧಿಯೇ ಬೇರೆ. ಪಕ್ಕೆನೋವಿನ ಜೊತೆ ಚಳಿಜ್ವರ ಬಂದರೆ, ಅಥವಾ ಮೂತ್ರ ಕಟ್ಟಿದರೆ, ನೀರು ಕುಡಿದು ಕಾಯಬೇಡಿ. ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ.