ಬೇಲಿಯ ಕಪ್ಪು ಹಣ್ಣನ್ನು ಮನೆ ಹಿತ್ತಲಿಗೆ ತರಬಹುದೇ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಬೇಲಿ ಪಕ್ಕ ಒಂದು ಮುಳ್ಳಿನ ಪೊದೆ ಇದೆ. ಹಣ್ಣು ಮೊದಲು ಕೆಂಪು, ಆಮೇಲೆ ಕಪ್ಪು. ಮಕ್ಕಳಿಗೆ ತುಂಬಾ ಇಷ್ಟ. ಕಡ್ಡಿ ಕತ್ತರಿಸಿ ಮನೆ ಹತ್ತಿರ ನೆಟ್ಟರೆ ಎಲ್ಲವೂ ಒಣಗಿಹೋದವು. ಬೆಳೆಸುವುದು ಹೇಗೆ? ಅರ್ಧ ಎಕರೆ ಹಾಕಿದರೆ ಲಾಭ ಉಂಟಾ? ಫೋಟೊ ಕಳಿಸಿದ್ದೇನೆ.

ಉತ್ತರ: ಫೋಟೊದಲ್ಲಿರುವುದು ರೂಬಸ್ ನೈವಿಯಸ್. ಗುಲಾಬಿ ಕುಟುಂಬದ ಗಿಡ. ಹೊರದೇಶದವರು ಇದನ್ನು ‘ಮೈಸೂರು ರಾಸ್ಪ್‌ಬೆರಿ’ ಎಂದೇ ಕರೆಯುತ್ತಾರೆ. ಅಮೆರಿಕದ ಫ್ಲಾರಿಡಾದಲ್ಲಿ ಹಿತ್ತಲಲ್ಲಿ ಆಸೆಪಟ್ಟು ಬೆಳೆಸುತ್ತಾರೆ. ನಮ್ಮಲ್ಲಿ ಮಾತ್ರ ಬೇಲಿಗೇ ಬಿಟ್ಟಿದ್ದೇವೆ! ಹೊಸ ಕಡ್ಡಿಯ ಮೇಲೆ ಸುಣ್ಣ ಬಳಿದಂಥ ಬಿಳುಪು ಇದೆಯೇ, ಎಲೆಯ ಅಡಿಭಾಗ ಬೆಳ್ಳಗಿದೆಯೇ, ಕಿತ್ತ ಹಣ್ಣಿನ ಒಳಗೆ ಟೊಳ್ಳಿದೆಯೇ ನೋಡಿ. ಇದ್ದರೆ ಅನುಮಾನವೇ ಬೇಡ. ಹಳದಿ ಹಣ್ಣು ಬಿಡುವ, ಕಡ್ಡಿ ತುಂಬ ಕೆಂಪು ರೋಮ ಇರುವ ಗಿಡ ಇದರ ದಾಯಾದಿ, ರೂಬಸ್ ಎಲಿಪ್ಟಿಕಸ್. ಅದನ್ನೂ ತಿನ್ನಬಹುದು.

ಕತ್ತರಿಸಿದ ಕಡ್ಡಿ ಈ ಗಿಡದಲ್ಲಿ ಸುಲಭವಾಗಿ ಬೇರು ಬಿಡುವುದಿಲ್ಲ. ಬೀಜ ಮೊಳೆಯಲು ತಿಂಗಳುಗಟ್ಟಲೆ ಕಾಯಬೇಕು. ಗಿಡವೇ ಒಂದು ದಾರಿ ತೋರಿಸುತ್ತದೆ, ಗಮನಿಸಿದ್ದೀರಾ? ಉದ್ದ ಬೆಳೆದ ಕಡ್ಡಿ ಬಾಗಿ ನೆಲ ಮುಟ್ಟಿದಲ್ಲಿ ಬೇರು ಬಿಟ್ಟಿರುತ್ತದೆ. ನೀವೂ ಅದನ್ನೇ ಮಾಡಿ. ಮಳೆಗಾಲದಲ್ಲಿ ಆ ವರ್ಷದ ಕಡ್ಡಿಯ ತುದಿಯನ್ನು ಬಗ್ಗಿಸಿ, ಎರಡು ಮೂರು ಇಂಚು ಆಳಕ್ಕೆ ಹೂಳಿ. ಮೇಲೊಂದು ಕಲ್ಲಿಡಿ. ತಾಯಿ ಗಿಡದಿಂದ ಕತ್ತರಿಸಬೇಡಿ. ಒಂದೆರಡು ತಿಂಗಳಲ್ಲಿ ಬೇರು ಬಂದು ಹೊಸ ಚಿಗುರು ಮೇಲೆದ್ದ ಮೇಲೆ ಕತ್ತರಿಸಿ, ಮಣ್ಣಿನ ಸಮೇತ ಕಿತ್ತು ನೆಡಿ.

ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಕಾಫಿಯ ದಟ್ಟ ನೆರಳಲ್ಲಿ ಗಿಡ ಉದ್ದವಾಗುತ್ತದೆ, ಹಣ್ಣು ಕಡಿಮೆ. ಗಿಡದಿಂದ ಗಿಡಕ್ಕೆ ಎಂಟು ಅಡಿ ಬಿಡಿ. ಎರಡು ಸಾಲು ತಂತಿ ಎಳೆದು ಕಡ್ಡಿಗಳನ್ನು ಕಟ್ಟಿ. ಕೊಟ್ಟಿಗೆ ಗೊಬ್ಬರ, ಬುಡಕ್ಕೆ ದರಗು ಸಾಕು.

ತುಂಬಾ ಜನ ಎಡವುವುದು ಕತ್ತರಿ ಹಾಕುವಲ್ಲಿ. ಬೇರು ವರ್ಷಗಟ್ಟಲೆ ಬದುಕುತ್ತದೆ, ಕಡ್ಡಿಯ ಆಯಸ್ಸು ಮಾತ್ರ ಸಾಮಾನ್ಯವಾಗಿ ಎರಡು ವರ್ಷ. ಬೆಳೆದು, ಹಣ್ಣು ಕೊಟ್ಟು, ಒಣಗುತ್ತದೆ. ಹಣ್ಣು ಮುಗಿದ ಕಡ್ಡಿಯನ್ನು ಬುಡಕ್ಕೇ ಕತ್ತರಿಸಿ. ಬಿಟ್ಟರೆ ಒಣ ಕಡ್ಡಿಗೆ ಹಸಿ ಕಡ್ಡಿ ಹೆಣೆದುಕೊಂಡು, ಒಳಗೆ ಕೈ ಹಾಕಲೂ ಆಗದ ಮುಳ್ಳಿನ ಗುಡ್ಡೆಯಾಗುತ್ತದೆ. ರೋಗವೂ ಅಲ್ಲೇ ಸೇರಿಕೊಳ್ಳುತ್ತದೆ. ಹೊಸ ಕಡ್ಡಿ ಎದೆಯೆತ್ತರ ಬಂದಾಗ ತುದಿ ಚಿವುಟಿ. ಪಕ್ಕದಲ್ಲಿ ಒಡೆಯುವ ಕವಲುಗಳಲ್ಲೇ ಹಣ್ಣು ಜಾಸ್ತಿ.

ಮಾರಾಟದ ವಿಷಯ. ಅರ್ಧ ಎಕರೆ ಹಾಕಿ ಅಂತ ನಾನು ಹೇಳುವುದಿಲ್ಲ. ಹಣ್ಣು ಪೂರ್ತಿ ಕಪ್ಪಾದರೇ ಸಿಹಿ, ಕೆಂಪಿದ್ದಾಗ ಹುಳಿ. ಕಪ್ಪಾದದ್ದು ಮೆತ್ತಗಿರುತ್ತದೆ, ಒಂದೆರಡು ದಿನದಲ್ಲಿ ಕೆಡುತ್ತದೆ. ಬೆಂಗಳೂರಿನ ಮಾರ್ಕೆಟ್ ಮುಟ್ಟುವಷ್ಟರಲ್ಲಿ ನೀರಾಗಿರುತ್ತದೆ. ಒಂದೊಂದಾಗಿ ಬಿಡಿಸಲು ಆಳು ಬೇರೆ ಬೇಕು, ಅದೂ ಮುಳ್ಳಿನ ನಡುವೆ. ಹತ್ತಿರದಲ್ಲಿ ಹೋಂಸ್ಟೇ ಇದ್ದರೆ, ಮನೆಯಲ್ಲೇ ಜಾಮ್ ಮಾಡುವವರಿದ್ದರೆ ಹತ್ತಿಪ್ಪತ್ತು ಗಿಡ ಹಾಕಿ. ಅದಕ್ಕಿಂತ ಜಾಸ್ತಿ ಸದ್ಯಕ್ಕೆ ಬೇಡ.

ಇನ್ನೊಂದು ಮಾತು. ಹಕ್ಕಿಗಳು ಬೀಜವನ್ನು ದೂರ ಒಯ್ಯುತ್ತವೆ. ಹವಾಯಿ, ಗಲಪಗೊಸ್ ದ್ವೀಪಗಳಲ್ಲಿ ಇದೇ ಗಿಡ ಅಲ್ಲಿನ ಕಾಡನ್ನು ನುಂಗುವ ಕಳೆಯಾಗಿದೆ. ಪಶ್ಚಿಮಘಟ್ಟ ಇದರ ತವರು, ಇಲ್ಲಿ ಅಂಥ ಭಯವಿಲ್ಲ. ಆದರೆ ವಿದೇಶದಲ್ಲಿರುವ ನೆಂಟರಿಗೆ ಬೀಜ ಕಟ್ಟಿ ಕಳಿಸಬೇಡಿ.

ಪ್ರಶ್ನೆ: ಬೆಂಗಳೂರಿನ ಟೆರೇಸಿನಲ್ಲಿ ಆನ್‌ಲೈನ್‌ನಿಂದ ತರಿಸಿದ ಕೆಂಪು ರಾಸ್ಪ್‌ಬೆರಿ ಇದೆ. ಬರೀ ಎಲೆ, ಹೂವೇ ಇಲ್ಲ. ಯಾಕೆ?

ಉತ್ತರ: ಅದು ಯುರೋಪಿನ ತಳಿ ಇರಬೇಕು. ಅಂಥ ಹೆಚ್ಚಿನ ತಳಿಗಳು ಹೂ ಬಿಡಲು ಚಳಿಗಾಲದಲ್ಲಿ ನೂರಾರು ಗಂಟೆ 7 ಡಿಗ್ರಿಗಿಂತ ಕಡಿಮೆ ತಂಪು ಬೇಕು. ಬೆಂಗಳೂರಲ್ಲಿ ಎಲ್ಲಿಂದ ತರುತ್ತೀರಿ? ಗೊಬ್ಬರ ಸುರಿದು ಪ್ರಯೋಜನವಿಲ್ಲ. ಮೇಲೆ ಹೇಳಿದ ನಮ್ಮ ರಾಸ್ಪ್‌ಬೆರಿಗೆ ಆ ಚಳಿ ಬೇಡ. ದೊಡ್ಡ ಡ್ರಮ್ಮಿನಲ್ಲಿ ಒಂದು ಗಿಡ ಹಾಕಿ ನೋಡಿ. ಬಟ್ಟೆ ಒಣಹಾಕುವ ಹಗ್ಗದಿಂದ ದೂರ ಇಡಿ, ಮುಳ್ಳು ಕೊಕ್ಕೆಯಂತಿರುತ್ತದೆ.